ಡಾಕ್ಟರಮ್ಮನ ತಾಟಿಗೆ ಬರದ ಪಾಲು

ಆ ವರ್ಷ ಡಿಸೆಂಬರಿನ ಕೊನೆಯಲ್ಲಿ ನನಗಿದ್ದದ್ದು ಎರಡೇ ಕೆಲಸ. ಫಿಲಿಪ್ಪೀನ್ಸ್ ದೇಶದಿಂದ ಸ್ವಯಂಸೇವಕಿಯಾಗಿ ಬಂದಿದ್ದ ಪಶುವೈದ್ಯೆಯನ್ನು ಯಾದಗಿರಿ ಸ್ಟೇಷನ್ನಿನಲ್ಲಿ ಹೈದರಾಬಾದಿನ ರೈಲು ಹತ್ತಿಸುವುದು, ಆಮೇಲೆ ಎಳ್ಳಮಾವಾಸ್ಯೆಗೆ ರಜೆ ಹಾಕಿ ನಮ್ಮೂರಿಗೆ ಹೋಗುವುದು. ಡಾಕ್ಟರಮ್ಮ ರೈಲು ಹತ್ತಲಿಲ್ಲ. ಹಾಗಾಗಿ ನನ್ನ ರಜೆಯೂ ನೀರುಪಾಲಾಯಿತು.

ನಮ್ಮ ಸೀಮೆಗೆ ಕಾಲುವೆ ಬಂದು ಕೆಲವು ವರ್ಷಗಳಾಗಿದ್ದವು. ನಾನು ಶಹಾಪುರದ ಒಂದು ಸಣ್ಣ ಸಂಸ್ಥೆಯಲ್ಲಿ ಜಾನುವಾರು ಕಾರ್ಯಕರ್ತೆಯಾಗಿದ್ದೆ. ಹಳ್ಳಿ ಹಳ್ಳಿ ತಿರುಗಿ ಕುರಿ, ಮೇಕೆಗಳಿಗೆ ಲಸಿಕೆ ಹಾಕುವುದು, ರೋಗ ಕಂಡರೆ ಡಾಕ್ಟರಿಗೆ ಸುದ್ದಿ ಮುಟ್ಟಿಸುವುದು ನನ್ನ ಕೆಲಸ. ಹೊರದೇಶದ ಡಾಕ್ಟರೊಬ್ಬರು ಬರುತ್ತಾರೆ, ಹೆಣ್ಣುಮಗಳು, ನೀನೇ ಜೊತೆಗಿದ್ದು ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಹೇಳಬೇಕು ಎಂದು ಮೇಲಿನವರು ಹೇಳಿದಾಗ ನಾನು ಮುಖ ಗಂಟು ಹಾಕಿಕೊಂಡಿದ್ದೆ. ಕುರಿಗಾರರ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಕುರಿಯ ವಿಷಯ ಹೇಳಿಕೊಡಲು ಸಮುದ್ರ ದಾಟಿ ಯಾರೋ ಬರಬೇಕೇ ಎಂಬ ಸೊಕ್ಕು ನನ್ನಲ್ಲಿ ಧಾರಾಳವಾಗಿತ್ತು. ಈಗಲೂ ಪೂರ್ತಿ ಹೋಗಿದೆ ಎಂದು ಹೇಳಲಾರೆ.

ಬಂದವರು ನಾನು ಅಂದುಕೊಂಡಂತೆ ಇರಲಿಲ್ಲ. ನನಗಿಂತ ಗಿಡ್ಡ, ನನಗಿಂತ ಜೋರು ನಡಿಗೆ. ಅವರದು ಭತ್ತದ ನಾಡು. ಗದ್ದೆಯ ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಸರಸರನೆ ಹೋಗಿಬಿಡುತ್ತಿದ್ದರು. ಜೋಳ, ತೊಗರಿಯ ಒಣ ಹೊಲದಲ್ಲಿ ಬೆಳೆದ ನಾನು ಹಿಂದೆ ಹಿಂದೆ ಜಾರುತ್ತ, ಬೈದುಕೊಳ್ಳುತ್ತ ಹೋಗುತ್ತಿದ್ದೆ. ಕನ್ನಡವನ್ನು ನನ್ನಿಂದಲೇ ಕಲಿತರು. ಹಾಗಾಗಿ ಅವರ ಬಾಯಲ್ಲಿ ‘ಬರ್ರಿ’, ‘ಕುಂದರ್ರಿ’, ‘ಹೌದ್ರಿ’ ಎಂಬ ನಮ್ಮ ಮಾತುಗಳೇ ಬರುತ್ತಿದ್ದವು. ಬೆಂಗಳೂರಿನಿಂದ ಬಂದ ಅಧಿಕಾರಿಯೊಬ್ಬರು ಅದನ್ನು ಕೇಳಿ ಬೆಚ್ಚಿಬಿದ್ದದ್ದು ನನಗೆ ಬಹಳ ದಿನ ಖುಷಿ ಕೊಟ್ಟಿತ್ತು.

ಅವರಿಗೆ ಕ್ರಿಸ್‌ಮಸ್ ಎಂದರೆ ಒಂದು ದಿನದ ಹಬ್ಬವಲ್ಲ. ಮಳೆಗಾಲ ಮುಗಿಯುವ ಮೊದಲೇ ಮನೆಯಲ್ಲಿ ಹಾಡು ಶುರುವಾಗುತ್ತದಂತೆ. ಶಹಾಪುರದ ಬಾಡಿಗೆ ಕೋಣೆಯಲ್ಲಿ ಬಿದಿರು ಸೀಳಿ, ಗಾಳಿಪಟದ ಹಾಳೆ ಅಂಟಿಸಿ, ಒಂದು ದೊಡ್ಡ ನಕ್ಷತ್ರ ಮಾಡಿ ಕಿಟಕಿಗೆ ಕಟ್ಟಿದ್ದರು. ದೀಪಾವಳಿಯ ಆಕಾಶಬುಟ್ಟಿ ಇಳಿಸುವುದನ್ನು ಮರೆತಿದ್ದಾರೆ ಎಂದು ಮನೆ ಮಾಲಕಿ ನನಗೆ ಎರಡು ಸಲ ಹೇಳಿದರು. ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಅವರ ದೇಶದ ಕೆಲವು ನರ್ಸುಗಳಿದ್ದರು. ಹಬ್ಬಕ್ಕೆ ಅವರೆಲ್ಲ ಸೇರಿ ತಮ್ಮ ಅಡುಗೆ ಮಾಡಿ, ತಮ್ಮ ಹಾಡು ಹಾಡುವುದೆಂದು ತಿಂಗಳುಗಟ್ಟಲೆ ಮೊದಲೇ ಮಾತಾಗಿತ್ತು. ಸಂಕ್ರಾಂತಿಗೆ ಅವರ ಸೇವೆಯ ಅವಧಿ ಮುಗಿದು ಊರಿಗೆ ಹೋಗುವವರಿದ್ದರು. ಅಲ್ಲಿಯವರೆಗೆ ತಡೆದುಕೊಳ್ಳಲು ಈ ಒಂದು ಹಬ್ಬ ಸಾಕು ಎನ್ನುತ್ತಿದ್ದರು.

ರೈಲಿನ ಹಿಂದಿನ ದಿನ ನಾವಿಬ್ಬರೂ ನನ್ನ ಕಾಕಾನ ಕುರಿ ನೋಡಲು ಹೋದೆವು. ಕಾಕಾ ಎಂದರೆ ನನ್ನ ಅಪ್ಪನ ದಾಯಾದಿ ತಮ್ಮ. ಅವರು, ಅವರ ತಮ್ಮ, ಇಬ್ಬರ ಹೆಂಡಂದಿರು, ಎಲ್ಲರ ಹೊಟ್ಟೆಯೂ ಅದೇ ಒಂದು ಹಿಂಡಿನ ಮೇಲೆ. ಶಹಾಪುರ, ಸುರಪುರದ ನಡುವೆ ಕಾಲುವೆಯ ಪಕ್ಕದಲ್ಲಿ ಭತ್ತ ಕೊಯ್ದ ಗದ್ದೆಗಳಲ್ಲಿ ಅವರು ಕುರಿ ನಿಲ್ಲಿಸಿದ್ದರು. ರಾತ್ರಿ ಕುರಿ ಮಲಗಿದ ಹೊಲಕ್ಕೆ ಗೊಬ್ಬರ ಸಿಗುತ್ತದೆ. ಹೊಲದ ಒಡೆಯ ಅದಕ್ಕೆ ಪ್ರತಿಯಾಗಿ ಕಾಳು ಕೊಡುತ್ತಾನೆ. ಮೊದಲು ಜೋಳ ಕೊಡುತ್ತಿದ್ದರು, ಕಾಲುವೆ ಬಂದ ಮೇಲೆ ಭತ್ತ. ಸಂಕ್ರಾಂತಿಯವರೆಗೂ ಇಲ್ಲೇ ನಿಲ್ಲುತ್ತೇನೆಂದು ಕಾಕಾ ಗದ್ದೆಯವನಿಗೆ ಮಾತು ಕೊಟ್ಟಿದ್ದರು. ವರ್ಷದ ಊಟವೆಲ್ಲ ಈ ದಿನಗಳಲ್ಲೇ ಕೂಡಿಬರಬೇಕಿತ್ತು.

ಹಿಂಡು ನೋಡಲು ಕಣ್ಣಿಗೆ ಹಬ್ಬದಂತಿತ್ತು. ನಮ್ಮ ಕರಿಯ ಕುರಿಗಳು ಅಷ್ಟು ಮೈ ತುಂಬಿದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡವಳಲ್ಲ. ಕೆಲವು ಮಾತ್ರ ಬಡಕಲಾಗಿ ಹಿಂದೆ ಉಳಿಯುತ್ತಿದ್ದವು. ಸಂಜೆಯ ಹೊತ್ತಿಗೆ ಅವುಗಳ ಗದ್ದದ ಕೆಳಗೆ ನೀರು ತುಂಬಿದ ಚೀಲದಂಥ ಬಾವು ಜೋಲುತ್ತಿತ್ತು, ಬೆಳಿಗ್ಗೆ ಇಳಿದುಹೋಗುತ್ತಿತ್ತು. ಕಾಕಾ ಆ ಬಡಕಲುಗಳನ್ನು ಮುಂದಿನ ಸಂತೆಗೆ ಹೊಡೆದು ಕೈತೊಳೆದುಕೊಳ್ಳುವ ಲೆಕ್ಕದಲ್ಲಿದ್ದರು. ಡಾಕ್ಟರಮ್ಮ ಒಂದೊಂದರ ಕಣ್ಣಿನ ರೆಪ್ಪೆ ಮಗುಚಿ ನೋಡಿದರು. ಕೆಂಪಾಗಿರಬೇಕಾದ ಒಳಭಾಗ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಅವರು ಬಾವು ಬಂದವುಗಳ ಹಿಕ್ಕೆಯನ್ನೂ, ದಪ್ಪನೆಯವುಗಳ ಹಿಕ್ಕೆಯನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿಸಿಕೊಂಡರು.

ಕೋಣೆಗೆ ಬಂದ ಮೇಲೆ ಪರೀಕ್ಷೆ. ಹಿಕ್ಕೆಯನ್ನು ನೀರಲ್ಲಿ ಕದಡಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಗಾಜಿನ ಲೋಟದಲ್ಲಿ ತಿಳಿಯಲು ಬಿಡಬೇಕು. ಮೇಲಿನ ನೀರನ್ನು ಮೆಲ್ಲಗೆ ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ತಿಳಿಯಲು ಬಿಡಬೇಕು. ಮೇಲಿನ ನೀರು ತಿಳಿಯಾಗುವವರೆಗೂ ಇದೇ ಆಟ. ಅವಸರದವರಿಗೆ ಹೇಳಿದ ಕೆಲಸವಲ್ಲ, ನನಗಂತೂ ಅಲ್ಲವೇ ಅಲ್ಲ. ಕೊನೆಗೆ ತಳದಲ್ಲಿ ಉಳಿದ ಗಸಿಗೆ ಒಂದು ಹನಿ ನೀಲಿ ಬಣ್ಣ ಬಿಟ್ಟು ಗಾಜಿನ ಪಟ್ಟಿಯ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಡಾಕ್ಟರಮ್ಮ ನೋಡಿ, ಎದ್ದು, ನನಗೆ ಜಾಗ ಬಿಟ್ಟರು. ನೀಲಿಯ ನಡುವೆ ಹಳದಿ ಮೊಟ್ಟೆಗಳು ನಿಚ್ಚಳವಾಗಿ ಕಂಡವು.

ಅದು ಕುರಿಯ ಪಿತ್ತಜನಕಾಂಗದಲ್ಲಿ ಮನೆ ಮಾಡುವ ಚಪ್ಪಟೆ ಹುಳ. ನಿಂತ ನೀರಿನ ಬಸವನಹುಳುವಿನಲ್ಲಿ ಮರಿಯಾಗಿ ಬೆಳೆದು, ಹೊರಬಿದ್ದು, ನೀರಂಚಿನ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಕುರಿ ಹುಲ್ಲಿನ ಜೊತೆ ಅದನ್ನೂ ತಿನ್ನುತ್ತದೆ. ಅವರ ನಾಡಿನ ಪ್ರತಿ ಭತ್ತದ ಊರಿನಲ್ಲೂ ಈ ಹುಳ ಇದೆಯಂತೆ. ನಮ್ಮಲ್ಲಿ ಕಾಲುವೆಗೆ ಮೊದಲು ಬೇಸಿಗೆಗೆ ಕೆರೆಯೇ ಬತ್ತುತ್ತಿತ್ತು, ಬಸವನಹುಳುವಿಗೆ ನೀರೆಲ್ಲಿ? ನಮ್ಮ ಕುರಿಗಾರರಿಗೆ ಇದರ ಹೆಸರೂ ಗೊತ್ತಿರಲಿಲ್ಲ, ನನಗೂ ಓದಿ ಗೊತ್ತಿತ್ತೇ ಹೊರತು ಕಂಡು ಗೊತ್ತಿರಲಿಲ್ಲ. ಹಿಂಡಿನಲ್ಲಿ ಒಂದಕ್ಕಿದ್ದರೆ ಎಲ್ಲಕ್ಕೂ ಇರುತ್ತದೆ, ಎಲ್ಲಕ್ಕೂ ಔಷಧ ಕುಡಿಸಿ ಹಿಂಡನ್ನು ಒಣ ನೆಲಕ್ಕೆ ಒಯ್ಯಬೇಕು, ಇಲ್ಲದಿದ್ದರೆ ಬೇಸಿಗೆಗೆ ಹಟ್ಟಿಯಲ್ಲಿ ಏನೂ ಉಳಿಯುವುದಿಲ್ಲ ಎಂದರು ಡಾಕ್ಟರಮ್ಮ. ಆಮೇಲೆ ದಪ್ಪ ಕುರಿಗಳ ಹಿಕ್ಕೆ ಪರೀಕ್ಷೆ ಮಾಡಿದೆವು. ಅದರಲ್ಲಿ ಒಂದೂ ಮೊಟ್ಟೆ ಇರಲಿಲ್ಲ.

ಮರುದಿನ ಡಾಕ್ಟರಮ್ಮ ರೈಲಿನ ಟಿಕೆಟ್ಟನ್ನು ಚೀಲದಲ್ಲೇ ಬಿಟ್ಟು, ಎಳೆಯ ಹುಳವನ್ನೂ ಕೊಲ್ಲುವ ಔಷಧವನ್ನು ಹೈದರಾಬಾದಿನಲ್ಲಿ ಹುಡುಕಿ ಕಳಿಸುವಂತೆ ಆ ನರ್ಸುಗಳಿಗೆ ಫೋನ್ ಮಾಡಿದರು. ಅವರು ಹಬ್ಬದ ತಯಾರಿ ಬಿಟ್ಟು ಅಂಗಡಿ ಅಂಗಡಿ ತಿರುಗಿ, ಬರುವವರೊಬ್ಬರ ಕೈಯಲ್ಲಿ ರೈಲಿನಲ್ಲಿ ಕೊಟ್ಟು ಕಳಿಸಿದರು. ಯಾದಗಿರಿ ಸ್ಟೇಷನ್ನಿಗೆ ಹೋಗಿ ಅದನ್ನು ಇಳಿಸಿಕೊಂಡವಳು ನಾನೇ. ಔಷಧದ ಡಬ್ಬಿಗಳ ಜೊತೆ ಒಂದು ಕೇಕಿನ ಪೊಟ್ಟಣವೂ ಇತ್ತು. ಅದನ್ನು ನೋಡಿದಾಗ ಡಾಕ್ಟರಮ್ಮನ ಮುಖ ಒಂದು ಗಳಿಗೆ ಸಣ್ಣದಾಯಿತು, ನನಗೆ ನನ್ನ ರಜೆಯ ಬಗ್ಗೆ ಗೊಣಗಲು ಬಾಯಿ ಬರಲಿಲ್ಲ.

ಔಷಧ ಬಂತು, ಕಾಕಾ ಒಪ್ಪಲಿಲ್ಲ. ಬಾವು ಬಂದವಕ್ಕೆ ಬೇಕಾದರೆ ಕುಡಿಸಿ, ದಪ್ಪನೆಯವಕ್ಕೆ ಕೈ ಹಚ್ಚಬೇಡಿ ಎಂದರು. ಅವರ ಹಠಕ್ಕೆ ಕಾರಣವಿತ್ತು. ದಪ್ಪನೆಯವುಗಳಲ್ಲಿ ಹೆಚ್ಚಿನವು ಗಬ್ಬದ ಕುರಿಗಳು. ಸಂಕ್ರಾಂತಿ ಕಳೆದ ಮೇಲೆ ಈಯುವಂಥವು. ಹಿಂದೊಮ್ಮೆ ಯಾರೋ ಬಂದು ಯಾವುದೋ ಔಷಧ ಕುಡಿಸಿ ಹೋದ ಮೇಲೆ ಕುರಿಗಳು ಸಾಲಾಗಿ ಗಬ್ಬ ಕಳೆದುಕೊಂಡಿದ್ದವು. ಔಷಧ ಕುಡಿಸಿದವನ ಮುಖ ಮತ್ತೆ ಆ ಸೀಮೆಯಲ್ಲಿ ಕಾಣಲಿಲ್ಲ. ಈ ಔಷಧ ಗಬ್ಬಕ್ಕೆ ಏನೂ ಮಾಡುವುದಿಲ್ಲ ಎಂದು ಡಾಕ್ಟರಮ್ಮ ಮತ್ತೆ ಮತ್ತೆ ಹೇಳಿಸಿದರು. ಕಾಕಾ ಕಂಬಳಿ ಹೆಗಲಿಗೆ ಹಾಕಿಕೊಂಡು ಕೇಳಿದ್ದು ಒಂದೇ ಪ್ರಶ್ನೆ.

“ದಪ್ಪ ಕುರಿ ಹಿಕ್ಕ್ಯಾಗ ನಿಮ್ಮ ದುರ್ಬೀನಿಗಿ ಏನೂ ಕಂಡಿಲ್ಲಂತ ನೀವ ಹೇಳ್ತೀರಿ. ಮತ್ತ ಹೊಟ್ಟ್ಯಾಗ ಹುಳ ಐತಿ ಅಂತ ನಾ ಹೆಂಗ ನಂಬ್ಲಿ? ಬ್ಯಾನಿ ಬಂದ ಕುರಿ ಎಲ್ಲ್ಯಾರ ಮೈ ತುಂಬತೈತೇನು?”

ಉತ್ತರ ಇತ್ತು. ಹುಳ ಒಳಗೆ ಬೆಳೆದು ದೊಡ್ಡದಾಗುವವರೆಗೆ ಮೊಟ್ಟೆ ಇಡುವುದಿಲ್ಲ, ಅದಕ್ಕೇ ಹಿಕ್ಕೆಯಲ್ಲಿ ಏನೂ ಕಾಣುವುದಿಲ್ಲ. ಇನ್ನೂ ವಿಚಿತ್ರವೆಂದರೆ ಹುಳ ಹೊಕ್ಕ ಹೊಸತರಲ್ಲಿ ಪಿತ್ತ ಹೆಚ್ಚಾಗಿ ಕುರಿ ಕೆಲವು ವಾರ ಚೆನ್ನಾಗಿ ತಿಂದು ಕೊಬ್ಬುವುದೂ ಉಂಟಂತೆ. ಡಾಕ್ಟರಮ್ಮ ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸುವಾಗ ನನ್ನ ಕಿವಿಗೇ ಅದು ಸಂತೆಯ ದಲಾಲಿಯ ಮಾತಿನಂತೆ ಕೇಳಿತು. ಏನೂ ಕಾಣದಿದ್ದರೂ ಹುಳ ಇದೆ, ದಪ್ಪಗಿದ್ದರೂ ರೋಗವಿದೆ ಎಂದರೆ ಯಾರು ನಂಬುತ್ತಾರೆ? ಕಾಕಾ ನಕ್ಕು ನನ್ನ ತಲೆ ಸವರಿ ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು. ಸತ್ತ ಕುರಿಯನ್ನಾದರೂ ಕೊಡಿ, ಕೊಯ್ದು ತೋರಿಸುತ್ತೇವೆ ಎಂದು ಕೇಳಿದ್ದೆವು. ದಪ್ಪನೆಯದು ಯಾವುದೂ ಸತ್ತಿರಲಿಲ್ಲ, ಬಡಕಲನ್ನು ಕೊಯ್ದು ತೋರಿಸಿದರೆ ಅದು ಬಡಕಲೇ ಅಲ್ಲವೇ ಎನ್ನುತ್ತಿದ್ದರು.

ಹಬ್ಬದ ಹಿಂದಿನ ದಿನ ಬಾವು ಬಂದ ಕುರಿಗಳಿಗಷ್ಟೇ ಔಷಧ ಕುಡಿಸಿದೆವು. ಡಾಕ್ಟರಮ್ಮ ಕೆಲಸ ಮಾಡುತ್ತ ಯಾವಾಗಲೂ ಏನಾದರೂ ಗುನುಗುತ್ತಿದ್ದವರು ಅವತ್ತು ಸುಮ್ಮನಿದ್ದರು. ಕಾಕಾನ ಹೆಂಡತಿ, ನನ್ನ ಕಾಕಿ, ಅದನ್ನು ಗಮನಿಸಿ ಯಾಕೆಂದು ಕೇಳಿದರು. ನಾಳೆ ಅವರ ದೊಡ್ಡ ಹಬ್ಬ, ನಮ್ಮ ಯುಗಾದಿ, ದೀಪಾವಳಿ ಎರಡನ್ನೂ ಕೂಡಿಸಿದಷ್ಟು ದೊಡ್ಡದು, ಊರಿಗೂ ಹೋಗಲಿಲ್ಲ, ಹೈದರಾಬಾದಿಗೂ ಹೋಗಲಿಲ್ಲ ಎಂದು ಹೇಳಿದೆ. ಕಾಕಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

“ಹಬ್ಬದ ದಿನ ಹೆಣ್ಮಗಳು ಒಬ್ಬಾಕಿನ ಕುಂತು ಉಣ್ಣಬೇಕೇನು? ಇದನ್ನ ಇವತ್ತ ಹೇಳ್ತಿ? ಮುಂಜಾನಿ ಇಲ್ಲಿಗೇ ಕರಕೊಂಡು ಬಾ.”

ಕಾಕಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಟಗರು ಕಡಿಯುತ್ತೇನೆ ಎಂದರು. ಯಾವ ಟಗರು ಎಂದು ಅವರ ತಮ್ಮ ಕೇಳಿದಾಗ, ಹಿಂಡಿನಲ್ಲಿ ಎಲ್ಲಕ್ಕಿಂತ ಮೈ ತುಂಬಿದ್ದ ಒಂದನ್ನು ಕಣ್ಣಲ್ಲೇ ತೋರಿಸಿದರು. ಅದು ಪ್ರೀತಿ ಹೌದು, ಜೊತೆಗೆ ಸವಾಲೂ ಹೌದು. ಕಾಲುವೆ ನೀರಿನ ಕುರಿ ಹೇಗಿರುತ್ತದೆ ಎಂದು ಡಾಕ್ಟರಮ್ಮ ತಿಂದೇ ನೋಡಲಿ ಎಂದು ಕಾಕಾ ಹೇಳಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಕಾಕಾ ನಿಮಗೆ ಊಟ ಹಾಕುತ್ತಾರಂತೆ ಎಂದಷ್ಟೇ ಹೇಳಿದೆ.

ಮರುದಿನ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಕಾಕಾನ ತಮ್ಮ ಟಗರನ್ನು ಕಡಿದು ಸ್ವಚ್ಛ ಮಾಡಿ ಆಗಿತ್ತು. ಕಾಕಾ ಹಿಂಡಿನ ಜೊತೆ ಗದ್ದೆಯಲ್ಲಿದ್ದವರು ಊಟದ ಹೊತ್ತಿಗೆ ಬಂದರು. ಡಾಕ್ಟರಮ್ಮ ಹಸಿರು ರೇಷ್ಮೆಯ ಅಂಗಿ ಹಾಕಿದ್ದರು, ಕೇಕನ್ನು ಕಾಕಿಯ ಕೈಗೆ ಕೊಟ್ಟರು. ಬಂಧುಗಳ ಮನೆಗಳಿಂದಲೂ ಜನ ಬಂದಿದ್ದರು. ಗದ್ದೆಯ ಪಕ್ಕದ ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಎಲ್ಲರೂ ಕುಳಿತೆವು. ಜೋಳದ ರೊಟ್ಟಿ, ಖಾರದ ಸಾರು, ಡಾಕ್ಟರಮ್ಮನಿಗೆಂದು ಬೇರೆ ಮಾಡಿದ ಅನ್ನ. ಡಾಕ್ಟರಮ್ಮ ಕಣ್ಣಲ್ಲಿ ನೀರು ಸುರಿಸುತ್ತ ಖಾರ ತಿಂದರು, ಇನ್ನಷ್ಟು ಹಾಕಿಸಿಕೊಂಡರು. ಬಹಳ ದಿನಗಳ ಮೇಲೆ ಅವರು ಹೊಟ್ಟೆ ತುಂಬ ನಗುವುದನ್ನು ಕಂಡು ನನಗೂ ಸಂತೋಷವಾಯಿತು.

ಆಗಲೇ ನನಗೆ ಏನೋ ಕೊರತೆ ಕಂಡಿದ್ದು. ಪಿತ್ತಜನಕಾಂಗಕ್ಕೆ ನಮ್ಮಲ್ಲಿ ಕಲೇಜಿ ಎನ್ನುತ್ತೇವೆ. ನಮ್ಮ ಕುರಿಗಾರರ ಮನೆಗಳಲ್ಲಿ ಅತಿಥಿಗೆಂದು ಕುರಿ ಕಡಿದರೆ, ಸಾರು ಕುದಿಯುವ ಮೊದಲೇ ಕಲೇಜಿಯನ್ನು ಕೆಂಡದಲ್ಲಿ ಸುಟ್ಟು, ಉಪ್ಪು ಸವರಿ, ಮೊದಲ ತುಂಡನ್ನು ಅತಿಥಿಯ ತಾಟಿಗೆ ಹಾಕುತ್ತಾರೆ. ಅದಾದ ಮೇಲೆಯೇ ಉಳಿದವರು ಕೈ ಹಾಕುವುದು. ಆ ಪಾಲು ತಪ್ಪಿದರೆ ಅತಿಥಿಗೆ ಅವಮಾನ ಮಾಡಿದಂತೆ. ಡಾಕ್ಟರಮ್ಮನಿಗೆ ಈ ಪದ್ಧತಿ ಗೊತ್ತಿಲ್ಲ, ಅವರು ಹಾಯಾಗಿ ಉಣ್ಣುತ್ತಿದ್ದರು. ತಡವಾಗಿ ಬಂದು ಕುಳಿತ ಕಾಕಾ ತಾನಿಲ್ಲದಾಗ ಅದೆಲ್ಲ ಆಗಿದೆ ಎಂದುಕೊಂಡಿದ್ದರು. ಕಾಕಿ ಒಲೆಯ ಮುಂದೆ ಅತ್ತ ಮುಖ ಮಾಡಿದ್ದರು. ಕಾಕಾನ ತಮ್ಮ ಮಾತ್ರ ನನ್ನ ಕಣ್ಣಿಗೆ ಕಣ್ಣು ಕೊಡದೆ ರೊಟ್ಟಿ ಮುರಿಯುತ್ತಿದ್ದರು.

ಕಲೇಜಿಯಲ್ಲಿ ಕಾಣಬಾರದ್ದೇನೋ ಅವರಿಗೆ ಕಂಡಿದೆ ಎಂದು ನನಗೆ ಹೊಳೆಯಿತು. ಸುಮ್ಮನಿದ್ದರೆ ಹಬ್ಬ ಚೆನ್ನಾಗಿ ಮುಗಿಯುತ್ತದೆ. ಬಂಧು ಬಳಗದ ಮುಂದೆ ಕಾಕಾನ ಮಾನ ಉಳಿಯುತ್ತದೆ, ಡಾಕ್ಟರಮ್ಮನ ನಗುವೂ ಉಳಿಯುತ್ತದೆ. ಮಾತಾಡಿದರೆ ಊಟದ ನಡುವೆ, ಅದೂ ಊಟ ಹಾಕಿದವರ ಮನೆಯ ಮಗಳೇ ಎದ್ದು ಹೆಸರು ಕೆಡಿಸಿದಂತೆ. ಆದರೆ ಗದ್ದೆಯಲ್ಲಿ ಮೇಯುತ್ತಿದ್ದ ಆ ಗಬ್ಬದ ಕುರಿಗಳು ನನ್ನ ಕಣ್ಣಿಗೆ ಕಾಣುತ್ತಿದ್ದವು. ಇವತ್ತು ಬಾಯಿ ಮುಚ್ಚಿಕೊಂಡರೆ ಬೇಸಿಗೆಗೆ ಈ ಮನೆಯವರು ಬರೀ ಕಂಬಳಿ ಹೊತ್ತು ಕೂಲಿಗೆ ಹೋಗಬೇಕಾಗುತ್ತದೆ. ನಾನು ತಾಟು ಕೆಳಗಿಟ್ಟೆ.

“ಕಾಕಾ, ಡಾಕ್ಟರಮ್ಮಗ ಕಲೇಜಿ ಹಾಕಿಲ್ಲ.”

ಎಲ್ಲರ ಕೈಯೂ ನಿಂತಿತು. ಕಾಕಾ ಮೊದಲು ಕಾಕಿಯನ್ನು ನೋಡಿದರು, ಆಮೇಲೆ ತಮ್ಮನನ್ನು. ತಮ್ಮ ತಲೆ ಎತ್ತದೆ, ಪಿತ್ತ ಒಡೆದು ಕಹಿಯಾಗಿತ್ತು, ಅದಕ್ಕೇ ಒಗೆದೆ ಎಂದರು. ಕಾಕಾ ನಂಬಲಿಲ್ಲ. ಇಷ್ಟು ವರ್ಷ ಕುರಿ ಕಡಿದ ಕೈಯಲ್ಲಿ ಪಿತ್ತ ಒಡೆಯುತ್ತದೆಯೇ? ಎಲ್ಲಿ ಒಗೆದಿದ್ದೀಯೋ ಅಲ್ಲಿಂದ ತಗೊಂಡು ಬಾ ಎಂದಷ್ಟೇ ಹೇಳಿದರು. ತಮ್ಮ ಎದ್ದು ಹೋಗಿ, ಬದುವಿನ ಹಿಂದೆ ಮಣ್ಣು ಮುಚ್ಚಿದ್ದನ್ನು ಕೆದಕಿ, ಮುತ್ತುಗದ ಎಲೆಯಲ್ಲಿ ತಂದಿಟ್ಟರು. ಅಣ್ಣನ ಮಾನ ಕಾಯಲು ಅವರು ಮಾಡಿದ್ದು ಅದು. ಅತಿಥಿಯ ಮುಂದೆ ಇಂಥದ್ದನ್ನು ಹೇಗೆ ಇಡುವುದೆಂದು ಒಬ್ಬರೇ ಸಂಕಟಪಟ್ಟು ಹೂತಿದ್ದರು.

ಕಾಕಾ ನೀರು ಸುರಿದು ತೊಳೆದರು. ಕಲೇಜಿಯ ಮೇಲೆಲ್ಲ ಗೀರುಗಳು, ಕಪ್ಪು ಕಲೆಗಳು. ಸೊಂಟದ ಚೂರಿ ತೆಗೆದು ತಾವೇ ಸೀಳಿದರು. ಒಳಗಿನ ನಾಳಗಳಿಂದ ಎಳೆಯ ಬೇವಿನ ಎಲೆಯಂಥ ಚಪ್ಪಟೆ ಹುಳಗಳು ಒಂದರ ಹಿಂದೊಂದು ಹೊರಬಂದವು. ಕೆಲವು ಇನ್ನೂ ಜೀವ ಇದ್ದಂತೆ ಮುದುಡಿ ಬಿಚ್ಚಿಕೊಂಡವು. ಡಾಕ್ಟರಮ್ಮ ಏನಾಗುತ್ತಿದೆ ಎಂದು ಆಗ ಅರ್ಥ ಮಾಡಿಕೊಂಡು ಎದ್ದು ಬಂದು ಕಾಕಾನ ಪಕ್ಕ ಕುಕ್ಕರಗಾಲಲ್ಲಿ ಕುಳಿತರು. ಹಿಂಡಿನಲ್ಲಿ ಎಲ್ಲಕ್ಕಿಂತ ಕೊಬ್ಬಿದ ಟಗರು ಅದು.

“ನೀವು ಹೇಳಿದ್ದು ಇದೇ ಏನ್ರಿ, ಡಾಕ್ಟರಮ್ಮ?” ಎಂದು ಕಾಕಾ ಕೇಳಿದರು.

“ಹೌದ್ರಿ,” ಎಂದರು ಡಾಕ್ಟರಮ್ಮ. ಗೆದ್ದೆ ಎಂಬ ಧಾಟಿ ಆ ಮಾತಿನಲ್ಲಿ ಒಂದಿಷ್ಟೂ ಇರಲಿಲ್ಲ, ಅದಕ್ಕಾಗಿ ನಾನು ಅವರನ್ನು ಅವತ್ತಿನಿಂದ ಅಕ್ಕ ಎಂದು ಎಣಿಸತೊಡಗಿದೆ. ಅವರು ತಕ್ಷಣ ನನ್ನ ಕಡೆ ತಿರುಗಿ, ಮಾಂಸಕ್ಕೆ ಏನೂ ಆಗಿಲ್ಲ, ಎಲ್ಲರೂ ಧೈರ್ಯವಾಗಿ ಉಣ್ಣಲಿ, ಕಲೇಜಿ ಒಂದನ್ನು ಸುಟ್ಟು ಬೂದಿ ಮಾಡಿಬಿಡಿ ಎಂದು ಹೇಳಲು ಹೇಳಿದರು. ಕಾಕಿಯ ಅಡುಗೆ ದಂಡವಾಗಬಾರದೆಂದು ಅವರೇ ಮೊದಲು ಹೋಗಿ ಕೂತು ಉಂಡರು.

ಕಾಕಾ ಉಣ್ಣಲಿಲ್ಲ. ಕೈ ತೊಳೆದು ಬಂದು ನನ್ನನ್ನು ಬದುವಿನ ಕಡೆ ಕರೆದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಲೆಕ್ಕಾಚಾರವಿತ್ತು.

“ಗಬ್ಬ ಹೋಗಂಗಿಲ್ಲ ಅಂತ ಆಕಿ ಹೇಳ್ತಾಳ, ಖರೆ. ಆಕಿ ಸಂಕ್ರಮಣಕ್ಕ ತನ್ನ ದೇಶಕ್ಕ ಹೋಗಾಕಿ. ಆಮ್ಯಾಲ ಗಬ್ಬ ಹೋದ್ರ ನಾ ಯಾರನ್ನ ಕೇಳ್ಲವ್ವಾ?”

“ನನ್ನ ಕೇಳ್ರಿ,” ಎಂದೆ.

ಹೇಳುವುದು ಸುಲಭ. ಆ ಔಷಧವನ್ನು ಗಬ್ಬದ ಕುರಿಗೆ ಕುಡಿಸಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ನನಗೆ ಗೊತ್ತಿದ್ದದ್ದು ಡಾಕ್ಟರಮ್ಮ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು, ಇದನ್ನು ಗೊತ್ತು ಎಂದಿದ್ದಾರೆ ಎಂಬುದು ಮಾತ್ರ. ಮಾತು ಸುಳ್ಳಾದರೆ ನನ್ನನ್ನು ಯಾವ ಹಟ್ಟಿಗೂ ಸೇರಿಸುವುದಿಲ್ಲ, ಅಪ್ಪ ಕುಲದವರ ಮುಂದೆ ತಲೆ ಎತ್ತುವಂತಿಲ್ಲ. ಕಾಕಾ ನನ್ನ ಮುಖವನ್ನೇ ನೋಡಿದರು. ಹಾಗಾದರೆ ಇವತ್ತೇ ಶುರು ಮಾಡಿ ಎಂದರು.

ಡಾಕ್ಟರಮ್ಮ ರೇಷ್ಮೆಯ ಅಂಗಿಯ ಮೇಲೆ ಕಾಕಾನ ಹಳೆಯ ಅಂಗಿ ತೊಟ್ಟುಕೊಂಡರು. ಡೋಸು ತೂಕದ ಮೇಲೆ ನಿಂತಿರುತ್ತದೆ, ಗಬ್ಬದ ಕುರಿಯನ್ನು ತಕ್ಕಡಿಗೆ ತೂಗುಹಾಕುವಂತಿಲ್ಲ. ಅದಕ್ಕೆ ಅವರು ದರ್ಜಿಯ ಟೇಪಿನಲ್ಲಿ ಎದೆಯ ಸುತ್ತಳತೆ ತೆಗೆದು ತೂಕ ಅಂದಾಜು ಮಾಡಿದರು. ಕುರಿಯನ್ನು ಓಡಿಸಬಾರದು, ಕೆಡವಬಾರದು, ಕಾಲು ಕಟ್ಟಬಾರದು. ಬೇವಿನ ಮರಕ್ಕೆ ಆನಿಸಿ ನಿಲ್ಲಿಸಿ, ಗದ್ದವನ್ನು ಸ್ವಲ್ಪವೇ ಎತ್ತಿ, ಬಾಯಿಯ ಮೂಲೆಯಿಂದ ಔಷಧ ಬಿಡಬೇಕು. ತಲೆ ಹೆಚ್ಚು ಎತ್ತಿದರೆ ಔಷಧ ಶ್ವಾಸಕ್ಕೆ ಹೋಗುತ್ತದೆ. ನಮ್ಮವರು ಬಿದಿರಿನ ಗೊಟ್ಟದಲ್ಲಿ ದನಕ್ಕೆ ಔಷಧ ಸುರಿಯುವ ರೂಢಿಯವರು, ತಲೆಯನ್ನು ಆಕಾಶಕ್ಕೆ ತಿರುಗಿಸಿಬಿಡುತ್ತಿದ್ದರು. ಡಾಕ್ಟರಮ್ಮ ಪ್ರತಿ ಸಲ ಅವರ ಕೈಯನ್ನು ಕೆಳಗೆ ತಗ್ಗಿಸಿ, ‘ಸಾವಕಾಶ್ರಿ’ ಎನ್ನುತ್ತಿದ್ದರು. ಕುಡಿಸಿದ ಕುರಿಯ ಕೊಂಬಿನ ಬುಡಕ್ಕೆ, ಕೊಂಬಿಲ್ಲದ್ದರ ಹಣೆಗೆ ಕಾಕಿ ಕೆಮ್ಮಣ್ಣಿನ ಗುರುತು ಹಚ್ಚಿದರು. ಮಧ್ಯಾಹ್ನದಿಂದ ಸಂಜೆಯವರೆಗೂ ಡಾಕ್ಟರಮ್ಮ ತಮ್ಮ ಹಬ್ಬದ ಹಾಡುಗಳನ್ನು ಒಂದೂ ಬಿಡದೆ ಹಾಡಿದರು. ಕಾಕಾನ ತಮ್ಮ ಕುರಿ ಹಿಡಿದು ತರುವಾಗ ಅದೇ ಧಾಟಿಯಲ್ಲಿ ಸಿಳ್ಳು ಹಾಕತೊಡಗಿದ್ದರು.

ಹಿಂಡು ಒಣ ನೆಲಕ್ಕೆ ಹೊರಡುವ ಸುದ್ದಿ ತಿಳಿದು ಗದ್ದೆಯವನು ಮರುದಿನ ಬಂದ. ಸಂಕ್ರಾಂತಿಯವರೆಗೆ ಎಂದು ಮಾತು ಕೊಟ್ಟು ಈಗ ಎದ್ದು ಹೋದರೆ ಹೇಗೆ ಎಂದು ಕೂಗಾಡಿದ. ಅವನ ಸಿಟ್ಟಿನಲ್ಲಿ ತಪ್ಪೇನೂ ಇರಲಿಲ್ಲ. ಕಾಕಾ ಇದುವರೆಗಿನ ಕಾಳನ್ನೂ ಬೇಡ ಎಂದು, ಕೈ ಮುಗಿದು, ಹಿಂಡನ್ನು ಹೊರಡಿಸಿದರು. ಕೊಟ್ಟ ಮಾತನ್ನು ಅವರು ಮುರಿದದ್ದು ಅದೊಂದೇ ಸಲ ಎಂದು ಕಾಕಿ ನನಗೆ ಹೇಳಿದರು. ಕಾಲುವೆಯ ಸೇತುವೆ ದಾಟಿ, ಸುರಪುರದ ಆಚೆ ಕೊಡೇಕಲ್ ಕಡೆಯ ಒಣ ಗುಡ್ಡಗಳಿಗೆ ಹಿಂಡು ಹೋಯಿತು. ಅಲ್ಲಿ ಹುಲ್ಲು ಕಡಿಮೆ, ಕಾಳು ಕೊಡುವವರು ಯಾರೂ ಇಲ್ಲ. ಎಳ್ಳಮಾವಾಸ್ಯೆಯ ದಿನ ಡಾಕ್ಟರಮ್ಮ ಮತ್ತು ನಾನು ಅಲ್ಲಿಗೇ ಹೋಗಿ, ಕಾಕಿ ಮಾಡಿದ ಸಜ್ಜಿ ರೊಟ್ಟಿ, ಕಾಳು ಸೊಪ್ಪಿನ ಭಜ್ಜಿ ಉಂಡೆವು. ನನ್ನ ಹಬ್ಬವೂ ಊರಿನ ಹೊರಗೇ ಆಯಿತು, ಅದಕ್ಕೆ ನನಗೆ ಬೇಸರವಾಗಲಿಲ್ಲ.

ಬೇಸರ ಬಂದದ್ದು ಆಮೇಲೆ. ಗುಡ್ಡಕ್ಕೆ ಹೋದ ಕೆಲವೇ ದಿನಗಳಲ್ಲಿ ಒಂದು ಕುರಿ ಸತ್ತಿತು. ಬಾವು ಬಂದಿದ್ದ ಬಡಕಲು, ಗಬ್ಬವಿರಲಿಲ್ಲ, ಔಷಧ ಮುಟ್ಟುವ ಮೊದಲೇ ಕಲೇಜಿ ಪೂರಾ ಹಾಳಾಗಿತ್ತು ಎಂದು ಕೊಯ್ದು ತೋರಿಸಿದೆವು. ಆದರೂ ಮಾತು ಹಬ್ಬಿತು. ಔಷಧ ಕುಡಿಸಿದ ಕುರಿ ಸಾಯತೊಡಗಿವೆ ಎಂದು ಸುರಪುರದ ಸಂತೆಯಲ್ಲಿ ಅಪ್ಪನ ಮುಂದೆಯೇ ಯಾರೋ ಅಂದರಂತೆ. ಕಾಕಾ ನನ್ನನ್ನು ಏನೂ ಕೇಳಲಿಲ್ಲ. ಅವರು ಕೇಳದೆ ಇದ್ದದ್ದೇ ನನಗೆ ಭಾರವಾಗಿತ್ತು. ಸಂಕ್ರಾಂತಿ ಬಂತು, ಡಾಕ್ಟರಮ್ಮ ಹೊರಡುವ ದಿನ ಬಂತು. ಇನ್ನು ಕೆಲವು ವಾರ ಇರಲು ಅನುಮತಿ ಕೇಳಿದ್ದರು, ಸಿಗಲಿಲ್ಲ. ಸ್ಟೇಷನ್ನಿನಲ್ಲಿ ತಮ್ಮ ಊರಿನ ಅಂಗಡಿಯೊಂದರ ಫೋನ್ ನಂಬರನ್ನು ನನ್ನ ಅಂಗೈಯಲ್ಲೇ ಬರೆದರು. ಒಳ್ಳೆಯ ಸುದ್ದಿಯಾದರೂ ಕೆಟ್ಟ ಸುದ್ದಿಯಾದರೂ ಮುಚ್ಚಿಡದೆ ಹೇಳಬೇಕು ಎಂದರು. ಇಬ್ಬರೂ ಅತ್ತೆವು, ಆಮೇಲೆ ಇಬ್ಬರೂ ನಕ್ಕೆವು.

ಗುಡ್ಡದಲ್ಲಿ ಕುರಿಗಳು ಈಯತೊಡಗಿದಾಗ ನಾನು ಸಂಸ್ಥೆಗೆ ಹೇಳಿ ಅಲ್ಲೇ ಹೋಗಿ ಉಳಿದೆ. ಮೊದಲನೆಯದು ಈಯುವಾಗ ಅದರ ಪಕ್ಕದಲ್ಲೇ ಕುಳಿತಿದ್ದೆ. ಮರಿ ಬಿದ್ದ ಕೂಡಲೇ ತಲೆ ಕೊಡವಿ ಸೀನಿತು. ಆಮೇಲೆ ದಿನವೂ ಒಂದಾದ ಮೇಲೊಂದು. ಪ್ರತಿ ಕುರಿ ಈದಾಗಲೂ ಕಾಕಾ ಕಂಬಳಿಯ ತುದಿಯಲ್ಲಿ ಮರಿಯ ಮೂಗು ಒರೆಸಿ, ನನ್ನ ಕಡೆ ಒಮ್ಮೆ ನೋಡಿ, ಮುಂದಿನ ಕುರಿಯ ಹತ್ತಿರ ಹೋಗುತ್ತಿದ್ದರು. ಕೊನೆಯ ಗಬ್ಬದ ಕುರಿ ಈದ ಮೇಲೆ, ಸುದ್ದಿಯನ್ನು ಫೋನಿನಲ್ಲಿ ತಿಳಿಸಲು ಶಹಾಪುರಕ್ಕೆ ಹೊರಟೆ. ಕಾಕಾ ರುಮಾಲು ಸುತ್ತಿಕೊಂಡು ಬಂದು ಬಸ್ಸಿನಲ್ಲಿ ನನ್ನ ಪಕ್ಕ ಕುಳಿತರು.

ಫೋನ್ ಅಂಗಡಿಯಲ್ಲಿ ಬಹಳ ಹೊತ್ತು ಕಾದ ಮೇಲೆ ಸಂಪರ್ಕ ಸಿಕ್ಕಿತು. ಯಾರೋ ಅವರ ಭಾಷೆಯಲ್ಲಿ ಕೂಗಿ ಕರೆದದ್ದು, ಓಡಿ ಬಂದ ಹೆಜ್ಜೆಯ ಸದ್ದು ಕೇಳಿತು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ರಿಸೀವರ್ ಕಸಿದುಕೊಂಡರು. ಸಮುದ್ರದ ಆಚೆಗೆ ಕೇಳಿಸಬೇಕಲ್ಲ ಎಂದು ಗುಡ್ಡದ ಮೇಲೆ ಹಿಂಡನ್ನು ಕರೆಯುವ ದನಿಯಲ್ಲೇ ಹೇಳಿದರು.

“ಡಾಕ್ಟರಮ್ಮ, ಎಲ್ಲಾ ಈದಾವ್ರಿ. ಒಂದರ ಗಬ್ಬನೂ ಹೋಗಿಲ್ರಿ.”

ಉತ್ತರಕ್ಕೆ ಕಿವಿಗೊಟ್ಟ ಕಾಕಾ ಗಾಬರಿಯಾಗಿ ರಿಸೀವರನ್ನು ನನ್ನ ಕೈಗೆ ಕೊಟ್ಟರು. ಡಾಕ್ಟರಮ್ಮ ಅಳುತ್ತಿದ್ದರು. ಆಮೇಲೆ ಮೂಗು ಸೊರ್ರೆನಿಸಿ, ನಾನೇ ಕಲಿಸಿದ ಕನ್ನಡದಲ್ಲಿ, “ಇನ್ನೊಮ್ಮೆ ಹೇಳ್ಲಿ,” ಎಂದರು.

ನಾನು ರಿಸೀವರನ್ನು ಕಾಕಾನ ಕಿವಿಗೆ ಹಿಡಿದೆ. ಕಾಕಾ ಇನ್ನೊಮ್ಮೆ ಹೇಳಿದರು.